‘35 ಶಾಟ್ಸ್ ಆಫ್ ರಮ್’: ಒಬ್ಬ ಅಪ್ಪ, ಒಬ್ಬಳು ಮಗಳು, ನೋಡಿದವರೆಲ್ಲ ಕೇಳುವ ಪ್ರಶ್ನೆಗಳು

ಈ ಸಿನಿಮಾ ನೋಡಿ ಅಂತ ನಾನು ಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ. ನೋಡಿದವರು ಪ್ರಶ್ನೆ ಹಿಡಿದುಕೊಂಡೇ ವಾಪಸ್ ಬರುತ್ತಾರೆ, ಅದೂ ಹೆಚ್ಚುಕಮ್ಮಿ ಅವೇ ಪ್ರಶ್ನೆಗಳು. ಅವನ್ನೆಲ್ಲ ಒಂದೇ ಕಡೆ ಬರೆದಿಟ್ಟಿದ್ದೇನೆ. ಕಥೆಯ ಮುಖ್ಯ ತಿರುವು ಬರುವ ಕಡೆ ಮೊದಲೇ ಎಚ್ಚರಿಸಿದ್ದೇನೆ, ನೋಡದೇ ಇರುವವರು ಅದನ್ನು ದಾಟಿಕೊಂಡು ಓದಿ.

ಇದು ಯಾವ ಸಿನಿಮಾ? ಕಥೆ ಏನು, ಚುಟುಕಾಗಿ ಹೇಳಿ.

ಫ್ರೆಂಚ್ ಸಿನಿಮಾ. ಮಾಡಿದವರು ಕ್ಲೇರ್ ಡೆನಿ. 2008ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಮೊದಲು ತೋರಿಸಿದರು, ಸ್ಪರ್ಧೆಯ ಹೊರಗೆ. ಫ್ರಾನ್ಸ್‌ನ ಥಿಯೇಟರ್‌ಗಳಿಗೆ ಬಂದದ್ದು 2009ರ ಫೆಬ್ರವರಿಯಲ್ಲಿ. ಒಂದು ಗಂಟೆ ನಲವತ್ತು ನಿಮಿಷ ಅಷ್ಟೇ.

ಲಿಯೋನೆಲ್ ಪ್ಯಾರಿಸ್‌ನಲ್ಲಿ ರೈಲು ಓಡಿಸುತ್ತಾನೆ. ಹೆಂಡತಿ ತೀರಿಕೊಂಡಿದ್ದಾಳೆ. ಮಗಳು ಜೋಸೆಫೀನ್ ಕಾಲೇಜಿನಲ್ಲಿ ಓದುತ್ತಾಳೆ, ಜೊತೆಗೆ ಒಂದು ಸಿ.ಡಿ. ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಇಬ್ಬರೂ ಒಂದು ಅಪಾರ್ಟ್‌ಮೆಂಟಿನಲ್ಲಿ ತಮ್ಮ ಪಾಡಿಗೆ ತಾವು ಚೆನ್ನಾಗಿದ್ದಾರೆ. ಚೆನ್ನಾಗಿದ್ದಾರೆ ಅನ್ನೋದೇ ಇಲ್ಲಿ ತೊಡಕು. ಮಗಳು ತನ್ನ ಬದುಕು ಕಟ್ಟಿಕೊಳ್ಳಬೇಕಾದರೆ ಈ ಮನೆ ಬಿಡಬೇಕು. ಅಪ್ಪನಿಗೆ ಅದು ಗೊತ್ತು, ಮಗಳಿಗೂ ಗೊತ್ತು. ಯಾರು ಮೊದಲು ಹೆಜ್ಜೆ ಇಡೋದು? ಕಥೆ ಇಷ್ಟೇ.

ಮೊದಲ ಕೆಲವು ನಿಮಿಷ ಬರೀ ರೈಲು ಹಳಿಯೇ ತೋರಿಸ್ತಾರೆ. ಓಡಿಸಿ ಮುಂದೆ ಹೋಗಬಹುದಾ?

ದಯವಿಟ್ಟು ಬೇಡ. ಅದು ಡ್ರೈವರ್ ಕೂರುವ ಜಾಗದಿಂದ ಕಾಣುವ ನೋಟ. ಸಂಜೆಯಾಗುತ್ತಿದೆ, ಹಳಿಗಳು ಕೂಡುತ್ತವೆ, ಕವಲೊಡೆಯುತ್ತವೆ, ಸುರಂಗ ಬರುತ್ತದೆ, ಎದುರಿಂದ ಇನ್ನೊಂದು ರೈಲು ಹಾದುಹೋಗುತ್ತದೆ. ಜೊತೆಗೆ ಟಿಂಡರ್‌ಸ್ಟಿಕ್ಸ್ ತಂಡದ ಸಂಗೀತ ಮೆಲ್ಲಗೆ ಕೇಳುತ್ತಿರುತ್ತದೆ. ಇದೇ ತಂಡ 1996ರಿಂದಲೂ ಡೆನಿಯ ಸಿನಿಮಾಗಳಿಗೆ ಸಂಗೀತ ಕೊಡುತ್ತಾ ಬಂದಿದೆ.

ಈ ರೈಲನ್ನು ಅಲ್ಲಿ ಆರ್.ಇ.ಆರ್. ಅನ್ನುತ್ತಾರೆ. ಪ್ಯಾರಿಸ್ ನಗರವನ್ನು ಸುತ್ತಮುತ್ತಲ ಊರುಗಳಿಗೆ ಜೋಡಿಸುವ ದೊಡ್ಡ ರೈಲು ಜಾಲ ಅದು, ಐದು ಮಾರ್ಗಗಳಿವೆ. ನಗರದ ಒಳಗೆ ನೆಲದಡಿ ಓಡುತ್ತದೆ, ಹೊರಗೆ ಬಂದಾಗ ಬೆಳಕಿಗೆ ಬರುತ್ತದೆ. ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗಿ ಸಂಜೆ ಸುಸ್ತಾಗಿ ಮನೆಗೆ ಬರುವ ಜನ ಓಡಾಡುವುದು ಇದರಲ್ಲೇ. ಪ್ರವಾಸಿಗರು ನೋಡುವ ಪ್ಯಾರಿಸ್ ಈ ಸಿನಿಮಾದಲ್ಲಿ ಇಲ್ಲವೇ ಇಲ್ಲ. ಐಫೆಲ್ ಟವರ್ ಕಾಯುತ್ತಾ ಕೂತರೆ ಸಿಗಲ್ಲ. ಆ ಮೊದಲ ನಿಮಿಷಗಳಲ್ಲಿ ನಿಮ್ಮ ಉಸಿರು ಈ ಸಿನಿಮಾದ ವೇಗಕ್ಕೆ ಹೊಂದಿಕೊಳ್ಳುತ್ತದೆ. ಅದನ್ನು ಬಿಟ್ಟರೆ ಮುಂದಿನದೆಲ್ಲ ನಿಧಾನ ಅನ್ನಿಸುತ್ತದೆ.

ಇಬ್ಬರನ್ನೂ ನೋಡಿ ಮೊದಲು ಗಂಡ ಹೆಂಡತಿ ಅಂದ್ಕೊಂಡೆ. ನನಗೆ ಮಾತ್ರ ಹಾಗಾಯ್ತಾ?

ತುಂಬಾ ಜನಕ್ಕೆ ಆಗುತ್ತದೆ. ಅವನು ಕೆಲಸ ಮುಗಿಸಿ ಬರುತ್ತಾನೆ, ಅವಳು ಅಡುಗೆಗೆ ನಿಂತಿದ್ದಾಳೆ, ಇಬ್ಬರ ನಡುವೆ ಒಂದು ಸಲಿಗೆ ಇದೆ, ಮಾತು ಕಮ್ಮಿ. ಯಾರೂ ಯಾರನ್ನೂ ಪರಿಚಯ ಮಾಡಿಸುವುದಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅಪ್ಪ ಮಗಳು ಅಂತ ಗೊತ್ತಾಗುತ್ತದೆ.

ಡೆನಿ ಇದನ್ನು ಬೇಕಂತಲೇ ಹೀಗೆ ಇಟ್ಟಿದ್ದಾರೆ ಅಂತ ನನ್ನ ಅನಿಸಿಕೆ. ಇದರಲ್ಲಿ ಅಸಹ್ಯ ಏನೂ ಇಲ್ಲ. ತಾಯಿ ಇಲ್ಲದ ಮನೆಯಲ್ಲಿ ಹೆಣ್ಣುಮಗು ಬೆಳೀತಾ ಬೆಳೀತಾ ಮನೆಯ ಯಜಮಾನಿಯೇ ಆಗಿಬಿಡುತ್ತಾಳೆ. ಬಟ್ಟೆ, ಅಡುಗೆ, ಅಪ್ಪನ ಊಟದ ಹೊತ್ತು ಎಲ್ಲ ಅವಳ ತಲೆಯಲ್ಲೇ ಇರುತ್ತದೆ. ಅಂಥ ಮನೆ ನಮ್ಮಲ್ಲೂ ಎಷ್ಟಿಲ್ಲ? ಹೊರಗಿನವರ ಕಣ್ಣಿಗೆ ಒಂದು ಕ್ಷಣ ಗಂಡ ಹೆಂಡತಿಯಂತೆ ಕಂಡರು ಅಂದರೆ, ಆ ಹುಡುಗಿ ಎಷ್ಟು ಹೊಣೆ ಹೊತ್ತುಕೊಂಡಿದ್ದಾಳೆ ಅನ್ನೋದು ಮಾತಿಲ್ಲದೆ ತಿಳಿಯುತ್ತದೆ. ಶುರುವಿನಲ್ಲೇ ಒಂದು ಕಡೆ ಅಪ್ಪ ಅವಳಿಗೆ, ನನ್ನ ಯೋಚನೆ ಬಿಡು, ನೀನು ಆರಾಮಾಗಿರು ಅನ್ನುವ ಅರ್ಥದ ಮಾತು ಹೇಳುತ್ತಾನೆ. ಅವಳು ಅದನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ.

ಆ ಎರಡು ರೈಸ್ ಕುಕ್ಕರ್ ವಿಷಯ ಏನು?

ನನಗೆ ಈ ಸಿನಿಮಾದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಅದೇ. ಮನೆಗೊಂದು ರೈಸ್ ಕುಕ್ಕರ್ ಬೇಕಿತ್ತು. ಜೋಸೆಫೀನ್ ಅಂಗಡಿಯಿಂದ ಒಂದು ತರುತ್ತಾಳೆ. ಅದೇ ಸಂಜೆ ಅಪ್ಪನೂ ಒಂದು ತಂದಿರುತ್ತಾನೆ, ನೆನಪಿಟ್ಟುಕೊಂಡು ತಂದೆ ಅನ್ನುವ ಖುಷಿಯಲ್ಲಿ ಅವಳ ಕೈಗೆ ಕೊಡುತ್ತಾನೆ. ಅವಳು ‘ಅಯ್ಯೋ, ನಾನೂ ತಂದಿದ್ದೆ’ ಅನ್ನಲ್ಲ. ತನ್ನದನ್ನು ಕಾಣದ ಹಾಗೆ ಇಟ್ಟುಬಿಡುತ್ತಾಳೆ. ಅಪ್ಪ ತಂದದ್ದರಲ್ಲೇ ಅನ್ನ ಮಾಡುತ್ತಾಳೆ. ಇಬ್ಬರೂ ಕೂತು ಊಟ ಮಾಡುತ್ತಾರೆ.

ಅಷ್ಟೇ ದೃಶ್ಯ. ಅದಕ್ಕೊಂದು ಹಿನ್ನೆಲೆ ಸಂಗೀತ ಇಲ್ಲ, ಕಣ್ಣಲ್ಲಿ ನೀರಿಲ್ಲ. ಆದರೆ ಅಪ್ಪನ ಮನಸ್ಸು ನೋಯಬಾರದು ಅಂತ ತಾನು ತಂದದ್ದನ್ನು ಅಡಗಿಸಿಡುವ ಮಗಳು, ಅಪ್ಪ ಒಂಟಿಯಾಗುತ್ತಾನೆ ಅಂತ ತನ್ನ ಇಷ್ಟವನ್ನೂ ಅಡಗಿಸಿಡುತ್ತಾಳೆ ಅಲ್ವಾ? ಮುಂದೆ ನಡೆಯುವುದೆಲ್ಲ ಆ ಅಡುಗೆಮನೆಯಲ್ಲೇ ಇದೆ. ಆ ಕುಕ್ಕರ್ ಅನ್ನು ಮರೆಯಬೇಡಿ. ಅದು ಮತ್ತೆ ಬರುತ್ತದೆ, ಯಾವಾಗ ಅಂತ ಹೇಳಿ ನಿಮ್ಮ ಸುಖ ಕೆಡಿಸಲ್ಲ.

ಫ್ರಾನ್ಸ್‌ನಲ್ಲಿ ಮಕ್ಕಳು ಹದಿನೆಂಟಕ್ಕೇ ಮನೆ ಬಿಡ್ತಾರಲ್ಲ? ಇವಳು ಯಾಕೆ ಇನ್ನೂ ಅಪ್ಪನ ಜೊತೆ?

ಎಲ್ಲರೂ ಹಾಗೆ ಬಿಟ್ಟುಹೋಗಲ್ಲ. ಪ್ಯಾರಿಸ್ ಬಾಡಿಗೆ ಕೊಟ್ಟು ಓದುವ ಹುಡುಗಿ ಬೇರೆ ಮನೆ ಮಾಡುವುದು ಸುಲಭದ ಮಾತಲ್ಲ. ಆದರೆ ಸಿನಿಮಾ ದುಡ್ಡಿನ ಕಾರಣ ಹೇಳುವುದೇ ಇಲ್ಲ. ಅವಳಿಗೆ ಇಲ್ಲಿರುವುದು ಇಷ್ಟ, ಅವನಿಗೂ ಇಷ್ಟ. ಅಷ್ಟನ್ನೇ ನಂಬಿ ನೋಡಿ.

ಗೇಬ್ರಿಯೆಲ್ ಯಾರು, ನೋಯೆ ಯಾರು? ಸಂಬಂಧ ಅರ್ಥ ಆಗಲಿಲ್ಲ.

ಇಬ್ಬರೂ ಅದೇ ಕಟ್ಟಡದವರು. ಗೇಬ್ರಿಯೆಲ್ ಟ್ಯಾಕ್ಸಿ ಓಡಿಸುತ್ತಾಳೆ. ಹಿಂದೊಮ್ಮೆ ಅವಳಿಗೂ ಲಿಯೋನೆಲ್‌ಗೂ ನಂಟಿತ್ತು. ಅವಳಿಗೆ ಇನ್ನೂ ಆಸೆ ಇದೆ, ಜೋಸೆಫೀನ್ ಮೇಲೆ ತಾಯಿಯಂಥ ಮಮತೆಯೂ ಇದೆ. ಲಿಯೋನೆಲ್ ಅವಳನ್ನು ದೂರ ತಳ್ಳುವುದಿಲ್ಲ, ಹತ್ತಿರ ಕರೆಯುವುದೂ ಇಲ್ಲ. ನಿಕೋಲ್ ದೋಗೆ ಈ ಪಾತ್ರ ಮಾಡಿದ್ದಾರೆ. ಕಾದು ಕಾದು ಸೋತ ಹೆಂಗಸಿನ ಮುಖವನ್ನು ಒಂದು ಮಾತೂ ಇಲ್ಲದೆ ತೋರಿಸುತ್ತಾರೆ.

ನೋಯೆ ತೀರಿಹೋದ ಅಪ್ಪ ಅಮ್ಮನ ಮನೆಯಲ್ಲಿ ಒಬ್ಬನೇ ಇದ್ದಾನೆ, ಜೊತೆಗೊಂದು ಮುದಿ ಬೆಕ್ಕು. ಸದಾ ಎಲ್ಲಿಗೋ ಹೊರಟಿರುತ್ತಾನೆ. ಜೋಸೆಫೀನ್ ಅಂದರೆ ಅವನಿಗೆ ಪ್ರಾಣ, ಹೇಳಲು ಬಾಯಿ ಬರಲ್ಲ. ಗ್ರೆಗ್ವಾರ್ ಕೊಲಾಂ ಮಾಡಿದ ಪಾತ್ರ ಅದು.

ನಾಲ್ವರೂ ರಕ್ತಸಂಬಂಧ ಇಲ್ಲದೇ ಇದ್ದರೂ ಒಂದು ಮನೆಯವರ ಹಾಗೆ. ಒಬ್ಬರ ಮನೆ ಬಾಗಿಲು ಇನ್ನೊಬ್ಬರಿಗೆ ತೆರೆದೇ ಇರುತ್ತದೆ. ಯಾರು ಯಾರಿಗೆ ಏನಾಗಬೇಕು ಅನ್ನೋದು ಗೊತ್ತಾಗದೇ ನೀವು ತಬ್ಬಿಬ್ಬಾದರೆ ಅದು ಸರಿಯೇ, ಅವರಿಗೂ ಅದು ಪೂರ್ತಿ ಗೊತ್ತಿಲ್ಲ.

ಎಲ್ಲರೂ ಆ ಡ್ಯಾನ್ಸ್ ದೃಶ್ಯದ ಬಗ್ಗೆ ಮಾತಾಡ್ತಾರೆ. ಅದರಲ್ಲಿ ಅಂಥದ್ದೇನಿದೆ?

ನಾಲ್ವರೂ ಒಂದು ಸಂಗೀತ ಕಚೇರಿಗೆ ಹೊರಟಿರುತ್ತಾರೆ, ಗೇಬ್ರಿಯೆಲ್ ಟ್ಯಾಕ್ಸಿಯಲ್ಲಿ. ಮಳೆ. ಗಾಡಿ ಕೆಟ್ಟು ನಿಲ್ಲುತ್ತದೆ. ತೊಯ್ದು ತೊಪ್ಪೆಯಾಗಿ ಒಂದು ಪುಟ್ಟ ಹೋಟೆಲ್ಲಿಗೆ ನುಗ್ಗುತ್ತಾರೆ. ಮುಚ್ಚುವ ಹೊತ್ತಾಗಿದ್ದರೂ ಅಲ್ಲಿನವರು ಒಳಗೆ ಕರೆದು ಊಟ ಕೊಡುತ್ತಾರೆ, ಹಾಡು ಹಾಕುತ್ತಾರೆ. ಲಿಯೋನೆಲ್ ಮೊದಲು ಗೇಬ್ರಿಯೆಲ್ ಜೊತೆ ಹೆಜ್ಜೆ ಹಾಕುತ್ತಾನೆ. ಆಮೇಲೆ ಕಮೊಡೋರ್ಸ್ ತಂಡದ ‘ನೈಟ್‌ಶಿಫ್ಟ್’ ಹಾಡು ಶುರುವಾಗುತ್ತದೆ, ಅಪ್ಪ ಮಗಳು ಕುಣಿಯುತ್ತಾರೆ. ನೋಯೆ ಎದ್ದು ಬರುತ್ತಾನೆ. ಅಪ್ಪ ಮಗಳ ಕೈಯನ್ನು ಅವನಿಗೆ ಬಿಟ್ಟು ಹಿಂದೆ ಸರಿಯುತ್ತಾನೆ.

ಇಲ್ಲಿ ಲಿಯೋನೆಲ್ ಮುಖ ನೋಡಿ. ತಾನೇ ಬಿಟ್ಟುಕೊಟ್ಟಿದ್ದಾನೆ, ಆದರೂ ಕಣ್ಣು ಅವರಿಬ್ಬರ ಮೇಲೇ ಇದೆ. ನೋಯೆ ಅವಳನ್ನು ಹತ್ತಿರ ಎಳೆದುಕೊಂಡಾಗ ಅವನಿಗೆ ನೋಡಲೂ ಆಗಲ್ಲ, ನೋಡದೇ ಇರಲೂ ಆಗಲ್ಲ. ಆಮೇಲೆ ಅವನು ಎದ್ದು ಹೋಟೆಲ್ಲಿನ ಚೆಂದದ ಹೆಂಗಸಿನ ಜೊತೆ ಕುಣಿಯಲು ಹೋಗುತ್ತಾನೆ. ಗೇಬ್ರಿಯೆಲ್ ಕೂತಲ್ಲೇ ನೋಡುತ್ತಿರುತ್ತಾಳೆ. ಒಂದು ಹಾಡು ಮುಗಿಯುವಷ್ಟರಲ್ಲಿ ನಾಲ್ವರ ಬದುಕೂ ಬೇರೆ ಬೇರೆ ದಿಕ್ಕಿಗೆ ತಿರುಗಿಬಿಟ್ಟಿರುತ್ತದೆ. ಯಾರೂ ಯಾರಿಗೂ ಏನೂ ಹೇಳಿಲ್ಲ.

ಕ್ಯಾಮೆರಾ ಹಿಡಿದವರು ಆನ್ಯೆಸ್ ಗೊದಾರ್. ದೂರ ನಿಂತು ನೋಡುವ ಕ್ಯಾಮೆರಾ ಅಲ್ಲ ಅದು, ಅವರ ನಡುವೆಯೇ ನಿಂತಂತಿದೆ. ಭುಜ, ಕತ್ತು, ಬೆನ್ನ ಮೇಲಿಟ್ಟ ಕೈ, ಒದ್ದೆ ಕೂದಲು. ಬೆಳಕೆಲ್ಲ ಬೆಚ್ಚಗಿದೆ. ಇನ್ನೊಂದು ಮಾತು: ಆ ಹಾಡು 1985ರದ್ದು. ಅದರ ಹಿಂದಿನ ವರ್ಷ ತೀರಿಕೊಂಡ ಮಾರ್ವಿನ್ ಗೇ ಮತ್ತು ಜಾಕಿ ವಿಲ್ಸನ್ ಅನ್ನುವ ಇಬ್ಬರು ಗಾಯಕರ ನೆನಪಿಗೆ ಮಾಡಿದ್ದು. ಕೇಳಿದರೆ ಹಗುರವಾಗಿದೆ, ಕುಣಿಸುತ್ತದೆ. ಒಳಗಿರುವುದು ಮಾತ್ರ ಹೋದವರ ನೆನಪು. ತಾಯಿ ಇಲ್ಲದ ಈ ಮಗಳು, ಹೆಂಡತಿ ಇಲ್ಲದ ಈ ಅಪ್ಪ, ಹೆತ್ತವರಿಲ್ಲದ ನೋಯೆ ಕುಣಿಯಲು ಇದಕ್ಕಿಂತ ಸರಿಯಾದ ಹಾಡು ಸಿಗುತ್ತಿರಲಿಲ್ಲ.

ಹೆಚ್ಚಿನ ಪಾತ್ರಗಳು ಕಪ್ಪು ಜನ. ಆದರೆ ವರ್ಣಭೇದದ ಜಗಳ, ಪೊಲೀಸು, ಗಲಾಟೆ ಯಾವುದೂ ಇಲ್ಲವಲ್ಲ?

ಈ ಪ್ರಶ್ನೆ ಕೇಳಿದವರಿಗೆ ನಾನು ಸ್ವಲ್ಪ ಉದ್ದದ ಉತ್ತರ ಕೊಡುತ್ತೇನೆ.

ಲಿಯೋನೆಲ್‌ನ ಬೇರು ಕೆರಿಬಿಯನ್ ಸಮುದ್ರದ ಫ್ರೆಂಚ್ ದ್ವೀಪಗಳ ಕಡೆಯದು. ಗ್ವಾಡೆಲೂಪ್, ಮಾರ್ಟಿನಿಕ್ ಅನ್ನುವ ದ್ವೀಪಗಳು ಒಂದು ಕಾಲಕ್ಕೆ ವಸಾಹತು, ಗುಲಾಮರನ್ನು ದುಡಿಸಿ ಕಬ್ಬು ಬೆಳೆದ ನೆಲ. 1946ರಲ್ಲಿ ಅವು ಫ್ರಾನ್ಸ್‌ನದ್ದೇ ಜಿಲ್ಲೆಗಳಾದವು. ಅಲ್ಲಿ ಕೆಲಸ ಇರಲಿಲ್ಲ, ಪ್ಯಾರಿಸ್‌ನಲ್ಲಿ ಕೆಲಸಕ್ಕೆ ಜನ ಸಾಲುತ್ತಿರಲಿಲ್ಲ. 1963ರಲ್ಲಿ ಸರ್ಕಾರವೇ ಬುಮಿಡೋಮ್ ಅನ್ನುವ ಒಂದು ಕಚೇರಿ ತೆರೆದು ಸಾವಿರಾರು ಹುಡುಗ ಹುಡುಗಿಯರನ್ನು ಅಲ್ಲಿಂದ ಕರೆತಂದಿತು. ಆಸ್ಪತ್ರೆ, ಅಂಚೆ ಕಚೇರಿ, ಸಾರಿಗೆ ಇಂಥ ಕಡೆ ಕೆಳಹಂತದ ಕೆಲಸಕ್ಕೆ ಅವರು ಸೇರಿಕೊಂಡರು. ಎಂಬತ್ತರ ದಶಕದ ಶುರುವಿನವರೆಗೂ ಇದು ನಡೆಯಿತು. ಪ್ಯಾರಿಸ್ ರೈಲಿನಲ್ಲಿ, ಆಸ್ಪತ್ರೆಯ ವಾರ್ಡಿನಲ್ಲಿ ದ್ವೀಪದ ಕಡೆಯವರು ಇಷ್ಟು ಕಾಣುವುದಕ್ಕೆ ಈ ಹಿನ್ನೆಲೆ ಇದೆ. ಅವರು ಕಾಗದಪತ್ರದಲ್ಲಿ ವಲಸಿಗರಲ್ಲ, ಫ್ರಾನ್ಸ್‌ನ ಪ್ರಜೆಗಳೇ. ಬೀದಿಯಲ್ಲಿ ಜನ ನೋಡುವ ಕಣ್ಣು ಮಾತ್ರ ಬೇರೆ.

ಸಿನಿಮಾ ಇದನ್ನೆಲ್ಲ ಬಾಯಿಬಿಟ್ಟು ಹೇಳಲ್ಲ. ಒಂದೇ ಕಡೆ, ಜೋಸೆಫೀನ್ ತರಗತಿಯಲ್ಲಿ ಬಡ ದೇಶಗಳ ಸಾಲದ ಬಗ್ಗೆ ಜೋರು ಚರ್ಚೆ ನಡೆಯುತ್ತದೆ. ಅದು ಬಿಟ್ಟರೆ ಕೆಲಸಕ್ಕೆ ಹೋಗುವುದು, ಬರುವುದು, ಅಡುಗೆ, ನೆರೆಮನೆ, ಪ್ರೀತಿ. ಫ್ರೆಂಚ್ ಸಿನಿಮಾದಲ್ಲಿ ಕಪ್ಪು ಮನುಷ್ಯ ಬಂದರೆ ಒಂದು ಸಮಸ್ಯೆ ಹೊತ್ತುಕೊಂಡೇ ಬರಬೇಕು ಅನ್ನುವ ಹಾಗಿದ್ದ ಕಾಲದಲ್ಲಿ, ಒಬ್ಬ ರೈಲು ಡ್ರೈವರ್ ತನ್ನ ಮಗಳ ಬಗ್ಗೆ ಯೋಚಿಸುತ್ತಾ ಸುಮ್ನೆ ಸಿಗರೇಟು ಸೇದುತ್ತಾ ನಿಂತಿರುವುದನ್ನು ತೋರಿಸುವುದೂ ಒಂದು ನಿಲುವೇ. ಡೆನಿ ಚಿಕ್ಕಂದಿನಲ್ಲಿ ಕ್ಯಾಮರೂನ್, ಜಿಬೂಟಿ ಕಡೆ ಬೆಳೆದವರು, ಫ್ರೆಂಚ್ ಆಳ್ವಿಕೆ ಇನ್ನೂ ಇದ್ದ ದಿನಗಳಲ್ಲಿ. 1988ರ ಮೊದಲ ಸಿನಿಮಾದಿಂದಲೇ ಈ ವಿಷಯ ಅವರನ್ನು ಬಿಟ್ಟಿಲ್ಲ. ಲಿಯೋನೆಲ್ ಪಾತ್ರದ ಅಲೆಕ್ಸ್ ದೆಸ್ಕಾಸ್ 1990ರಿಂದ ಅವರ ಜೊತೆ ಕೆಲಸ ಮಾಡಿದವರು. ಆ ನಂಬಿಕೆ ತೆರೆಯ ಮೇಲೆ ಕಾಣುತ್ತದೆ.

ರೆನೆಯ ಕಥೆ ಯಾಕೆ ಬೇಕಿತ್ತು? (ನೋಡದವರು ಇದನ್ನು ಬಿಟ್ಟು ಮುಂದೆ ಹೋಗಿ)

ರೆನೆ ಲಿಯೋನೆಲ್‌ನ ಸಹೋದ್ಯೋಗಿ. ಶುರುವಿನಲ್ಲೇ ಅವನ ನಿವೃತ್ತಿ ಪಾರ್ಟಿ. ಎಲ್ಲರೂ ನಗುತ್ತಾರೆ, ಕುಡಿಯುತ್ತಾರೆ, ಉಡುಗೊರೆ ಕೊಡುತ್ತಾರೆ. ಅವನ ಮುಖ ಮಾತ್ರ ಖಾಲಿ. ಇನ್ನು ಮುಂದೆ ಏನು ಮಾಡಲಿ ಅನ್ನೋದು ಅವನಿಗೆ ತಿಳಿಯುತ್ತಿಲ್ಲ. ಲಿಯೋನೆಲ್ ಅವನನ್ನು ಮಾತಾಡಿಸುತ್ತಾನೆ, ಧೈರ್ಯ ಹೇಳುತ್ತಾನೆ, ಸಾಲುವುದಿಲ್ಲ. ರೆನೆ ಅದೇ ಹಳಿಯ ಮೇಲೆ ಪ್ರಾಣ ಬಿಡುತ್ತಾನೆ.

ಲಿಯೋನೆಲ್‌ಗೆ ಅದರಲ್ಲಿ ತನ್ನ ಮುಂದಿನ ದಿನ ಕಾಣುತ್ತದೆ. ಕೆಲಸ ಹೋದಮೇಲೆ, ಮಗಳೂ ಹೋದಮೇಲೆ ಏನುಳಿಯುತ್ತದೆ? ಇದನ್ನು ಕಂಡ ಮೇಲೂ ಅವನು ಮಗಳನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಒಂಟಿತನ ಅಂದರೆ ಏನು ಅಂತ ಕಣ್ಣಾರೆ ನೋಡಿ, ಆಮೇಲೂ ಹೋಗು ಅನ್ನುತ್ತಾನಲ್ಲ, ಅದಕ್ಕೇ ಆ ಪಾತ್ರ ಬೇಕಿತ್ತು. ರೆನೆ ಇಲ್ಲದಿದ್ದರೆ ಲಿಯೋನೆಲ್ ಬರೀ ಒಳ್ಳೆ ಅಪ್ಪ ಆಗಿಬಿಡುತ್ತಿದ್ದ.

ನಡುವೆ ಇದ್ದಕ್ಕಿದ್ದಂತೆ ಜರ್ಮನಿಗೆ ಯಾಕೆ ಹೋಗ್ತಾರೆ?

ಜೋಸೆಫೀನ್ ತಾಯಿ ಜರ್ಮನಿಯವಳು. ಲ್ಯೂಬೆಕ್ ಅನ್ನುವುದು ಉತ್ತರ ಜರ್ಮನಿಯಲ್ಲಿ, ಬಾಲ್ಟಿಕ್ ಸಮುದ್ರಕ್ಕೆ ಹತ್ತಿರದ ಹಳೆಯ ಊರು. ಅಪ್ಪ ಮಗಳು ವ್ಯಾನ್‌ನಲ್ಲಿ ಅಲ್ಲಿಗೆ ಹೋಗಿ ತಾಯಿಯ ಕಡೆಯವರನ್ನು ನೋಡುತ್ತಾರೆ, ಸಮಾಧಿಗೆ ಹೋಗುತ್ತಾರೆ, ಸಮುದ್ರದ ದಂಡೆಯಲ್ಲಿ ಇಬ್ಬರೇ ರಾತ್ರಿ ಕಳೆಯುತ್ತಾರೆ. ತಾಯಿಯ ಕಡೆಯ ಆ ಹೆಂಗಸಾಗಿ ಬರುವ ಇಂಗ್ರಿಡ್ ಕಾವೆನ್ ಒಂದೇ ದೃಶ್ಯದಲ್ಲಿ ಎಷ್ಟೊಂದು ಮಾತಾಡುತ್ತಾರೆ! ಉಳಿದ ಸಿನಿಮಾದಲ್ಲಿ ಮಾತೇ ಇಲ್ಲದ್ದರಿಂದ ಅದು ಇನ್ನೂ ಜಾಸ್ತಿ ಅನ್ನಿಸುತ್ತದೆ.

ತೀರಿಕೊಂಡ ತಾಯಿಗೆ ಮದುವೆಗೆ ಮುಂಚೆ ಹೇಳಿ ಬರುವುದು ನಮಗೆ ಹೊಸದಲ್ಲ. ಯಾಕೆ ಹೋದರು ಅನ್ನೋದನ್ನ ಯಾರೂ ಬಿಡಿಸಿ ಹೇಳದೇ ಇದ್ದರೂ ನಮ್ಮ ಜನಕ್ಕೆ ಆ ಭಾಗ ಬೇಗ ತಟ್ಟುತ್ತದೆ.

35 ಯಾಕೆ? ರಮ್ ಯಾಕೆ?

ನಿವೃತ್ತಿ ಪಾರ್ಟಿಯಲ್ಲಿ 35 ಗ್ಲಾಸ್ ರಮ್ ಕುಡಿಯುವ ಮಾತು ಬರುತ್ತದೆ. ಅದಕ್ಕೊಂದು ಕಥೆ ಇದೆ ಅನ್ನುತ್ತಾರೆ, ಕಥೆ ಹೇಳಲ್ಲ. ಲಿಯೋನೆಲ್ ಆ ದಿನ ಕುಡಿಯುವುದಿಲ್ಲ, ಅದಕ್ಕೆ ಇದು ಸಂದರ್ಭ ಅಲ್ಲ ಅಂತ ಬಿಡುತ್ತಾನೆ. ಕೊನೆಗೆ ಅದಕ್ಕೆ ತಕ್ಕ ದಿನ ಬರುತ್ತದೆ. ಬದುಕಿನಲ್ಲಿ ಒಂದೇ ಸಲ ಬರುವಂಥ ದಿನ ಅಂತ ತಿಳಿದುಕೊಂಡರೆ ಸಾಕು. ಸಂಖ್ಯೆಯ ಒಗಟು ಬಿಡಿಸಲು ಹೋಗಬೇಡಿ, ಒಳಗೆ ಗುಟ್ಟೇನೂ ಇಲ್ಲ.

ರಮ್ ಮಾತ್ರ ಸುಮ್ನೆ ಬಂದದ್ದಲ್ಲ. ಬೇರೆ ಕಡೆ ರಮ್ ಅನ್ನು ಹೆಚ್ಚಾಗಿ ಕಾಕಂಬಿಯಿಂದ ಮಾಡುತ್ತಾರೆ. ಫ್ರೆಂಚ್ ದ್ವೀಪಗಳಲ್ಲಿ ಕಬ್ಬು ಅರೆದು ಬಂದ ಹಾಲನ್ನೇ ಹುಳಿ ಬರಿಸಿ ಬಟ್ಟಿ ಇಳಿಸುವ ರೂಢಿ ಇದೆ. ಮಾರ್ಟಿನಿಕ್‌ನ ರಮ್‌ಗೆ 1996ರಲ್ಲಿ ಫ್ರಾನ್ಸ್ ಸರ್ಕಾರ ಊರಿನ ಹೆಸರಿನ ಮಾನ್ಯತೆಯನ್ನೂ ಕೊಟ್ಟಿದೆ, ವೈನ್‌ಗೆ ಕೊಡುವ ಹಾಗೆಯೇ. ಅದು ಅವರ ಊರಿನ ರುಚಿ. ಹುಟ್ಟು, ಸಾವು, ಮದುವೆ ಎಲ್ಲದಕ್ಕೂ ಅದೇ.

ಇದು ಜಪಾನಿನ ಸಿನಿಮಾದ ನಕಲು ಅಂತಾರೆ, ನಿಜವಾ?

ನಕಲು ಅನ್ನೋದು ತಪ್ಪು. ಋಣ ಇದೆ, ಅದನ್ನು ಡೆನಿಯೇ ಹೇಳಿಕೊಂಡಿದ್ದಾರೆ. ಯಸುಜಿರೊ ಓಜು 1949ರಲ್ಲಿ ಮಾಡಿದ ‘ಲೇಟ್ ಸ್ಪ್ರಿಂಗ್’ನಲ್ಲೂ ಹೆಂಡತಿ ಇಲ್ಲದ ಅಪ್ಪ, ಅವನನ್ನು ಬಿಟ್ಟುಹೋಗಲು ಒಪ್ಪದ ಮಗಳು ಇದ್ದಾರೆ. ಅಲ್ಲಿ ಅಪ್ಪ ತಾನು ಇನ್ನೊಂದು ಮದುವೆಯಾಗುತ್ತೇನೆ ಅಂತ ಸುಳ್ಳು ಹೇಳಿ ಮಗಳನ್ನು ಒಪ್ಪಿಸುತ್ತಾನೆ. ಇಬ್ಬರೂ ಕೊನೆಯ ಸಲ ಅಂತ ಕ್ಯೋಟೋಗೆ ಹೋಗಿಬರುತ್ತಾರೆ. ಇಲ್ಲಿನ ಲ್ಯೂಬೆಕ್ ಪ್ರಯಾಣ ಅದನ್ನೇ ನೆನಪಿಸುತ್ತದೆ. ಎರಡರಲ್ಲೂ ಮದುವೆಯ ಶಾಸ್ತ್ರ ತೋರಿಸುವುದಿಲ್ಲ. ಮುಂಚಿನದು, ಆಮೇಲಿನದು ಮಾತ್ರ.

ಆದರೆ ಬೀಜ ಇರುವುದು ಡೆನಿಯ ಮನೆಯಲ್ಲೇ. ಅವರ ಅಜ್ಜ, ಅಂದರೆ ತಾಯಿಯ ತಂದೆ, ಬ್ರೆಜಿಲ್‌ನಿಂದ ಫ್ರಾನ್ಸ್‌ಗೆ ಬಂದವರು. ಹೆಂಡತಿ ಹೋದ ಮೇಲೆ ಮಗಳನ್ನು ಒಬ್ಬರೇ ಸಾಕಿದರು. ಡೆನಿ ತಾಯಿಯನ್ನು ಓಜು ಸಿನಿಮಾಕ್ಕೆ ಕರೆದುಕೊಂಡು ಹೋದಾಗ ತಾಯಿಗೆ ಅದರಲ್ಲಿ ತನ್ನದೇ ಬದುಕು ಕಂಡಿತು. ಆ ಅಜ್ಜ, ಆ ತಾಯಿ ಈ ಸಿನಿಮಾದಲ್ಲಿದ್ದಾರೆ. ಓಜು ಗೊತ್ತಿಲ್ಲದೇ ಇದ್ದರೂ ಇದು ಪೂರ್ತಿ ಸಿಗುತ್ತದೆ.

ಒಂದು ವ್ಯತ್ಯಾಸ ನನಗೆ ಮುಖ್ಯ. ಓಜುವಿನ ಅಪ್ಪ ಮೇಷ್ಟ್ರು, ಪುಸ್ತಕದ ಮನುಷ್ಯ. ಡೆನಿಯ ಅಪ್ಪ ಮೈಮುರಿದು ದುಡಿಯುವವನು. ಅವನಿಗೆ ಸುಳ್ಳು ಕಟ್ಟುವುದೂ ಬರಲ್ಲ, ಉಪದೇಶ ಮಾಡುವುದೂ ಬರಲ್ಲ. ಕೈ ಬಿಡುವುದು ಬರುತ್ತದೆ, ಆ ಹೋಟೆಲ್ಲಿನಲ್ಲಿ ಬಿಟ್ಟ ಹಾಗೆ.

ಮಗಳ ಪಾತ್ರ ಮಾಡಿದವರು ಆಮೇಲೆ ಏನಾದರು?

ಮಾತಿ ದಿಯೋಪ್. ಈಗ ಅವರೇ ದೊಡ್ಡ ನಿರ್ದೇಶಕಿ. ಸೆನೆಗಲ್‌ನ ಹೆಸರಾಂತ ನಿರ್ದೇಶಕ ಜಿಬ್ರಿಲ್ ದಿಯೋಪ್ ಮಾಂಬೆಟಿ ಅವರ ದೊಡ್ಡಪ್ಪ, ಅಪ್ಪ ವಾಸಿಸ್ ದಿಯೋಪ್ ಸಂಗೀತಗಾರ. ಅವರ ‘ಅಟ್ಲಾಂಟಿಕ್ಸ್’ 2019ರಲ್ಲಿ ಕಾನ್ ಉತ್ಸವದಲ್ಲಿ ಗ್ರಾಂಡ್ ಪ್ರಿ ಗೆದ್ದಿತು. ವಸಾಹತು ಕಾಲದಲ್ಲಿ ಹೊತ್ತೊಯ್ದ ಮೂರ್ತಿಗಳು ಬೆನಿನ್ ದೇಶಕ್ಕೆ ಮರಳುವುದರ ಬಗ್ಗೆ ಮಾಡಿದ ‘ದಹೋಮಿ’ಗೆ 2024ರಲ್ಲಿ ಬರ್ಲಿನ್ ಚಿತ್ರೋತ್ಸವದ ಅತಿ ದೊಡ್ಡ ಪ್ರಶಸ್ತಿ ‘ಚಿನ್ನದ ಕರಡಿ’ ಸಿಕ್ಕಿತು.

ಮನೆಯವರ ಜೊತೆ ಕೂತು ನೋಡಬಹುದಾ?

ಮುಜುಗರ ಪಡುವಂಥದ್ದು ಹೆಚ್ಚೇನಿಲ್ಲ. ಕುಡಿತ ಇದೆ, ಸಿಗರೇಟು ಇದೆ, ಒಂದು ಆತ್ಮಹತ್ಯೆ ಇದೆ. ಚಿಕ್ಕ ಮಕ್ಕಳಿಗೆ ಬೇಜಾರಾಗುತ್ತದೆ, ಅವರಿಗೆ ಬೇಡ. ಮನೆಯಲ್ಲಿ ಇತ್ತೀಚೆಗೆ ಅಂಥ ಸಾವು ಕಂಡವರಿದ್ದರೆ ಮೊದಲೇ ಹೇಳಿ ಕೂರಿಸಿ.

ಅಪ್ಪನ ಜೊತೆ ನೋಡಲೇ ಅಂತ ಕೇಳುವ ಹೆಣ್ಣುಮಕ್ಕಳಿಗೆ: ನೋಡಿ. ಮುಗಿದ ಮೇಲೆ ಅಪ್ಪ ಏನೂ ಹೇಳದೇ ಎದ್ದು ಹೋದರೆ ಇಷ್ಟ ಆಗಲಿಲ್ಲ ಅಂದುಕೊಳ್ಳಬೇಡಿ.

ಹೇಗೆ ನೋಡಬೇಕು?

ಸಬ್‌ಟೈಟಲ್ ಹಾಕಿಕೊಂಡೇ ನೋಡಿ, ಡಬ್ಬಿಂಗ್ ಬೇಡ. ಮಾತು ಕಮ್ಮಿ ಇರುವುದರಿಂದ ಓದುವುದೂ ಕಮ್ಮಿ, ಕಣ್ಣು ಮುಖಗಳ ಮೇಲೇ ಇರುತ್ತದೆ. ಸಿನಿಮಾದ ಅರ್ಧ ಕತ್ತಲಲ್ಲಿ ನಡೆಯುತ್ತದೆ, ಮಧ್ಯಾಹ್ನದ ಬೆಳಕಿನಲ್ಲಿ ಮೊಬೈಲ್‌ನಲ್ಲಿ ನೋಡಿದರೆ ಏನೂ ಕಾಣಲ್ಲ. ರಾತ್ರಿ ಊಟ ಮುಗಿಸಿ, ದೀಪ ಆರಿಸಿ, ಸಾಧ್ಯವಾದರೆ ಟಿ.ವಿ.ಯಲ್ಲಿ ಹಾಕಿಕೊಳ್ಳಿ. ಒಂದೇ ಪಟ್ಟಿಗೆ ನೋಡಿ ಮುಗಿಸಿ, ನಡುವೆ ನಿಲ್ಲಿಸಿ ನಾಳೆ ನೋಡುತ್ತೇನೆ ಅಂದರೆ ಹಿಡಿತ ತಪ್ಪುತ್ತದೆ. ಮೊದಲ ಸಲ ಅರ್ಧ ತಿಳಿಯಲಿಲ್ಲ ಅನ್ನಿಸಿದವರು ಇನ್ನೊಂದು ಸಲ ನೋಡಿ. ಯಾರು ಯಾರು ಅಂತ ಗೊತ್ತಾದ ಮೇಲೆ ಅಡುಗೆಮನೆಯ ಆ ಮೊದಲ ಸಂಜೆ ಬೇರೆಯೇ ಕಾಣುತ್ತದೆ.